ಆಟದ ಪಾಠ: ಪ್ರೋಟಾನ್ ಎಂಬ ಅನುವಾದಕ ಮತ್ತು ಎಲ್ಡನ್ ರಿಂಗ್

೧

ವಿಡಿಯೋ ಆಟವನ್ನು ಒಂದು ಕೃತಿಯೆಂದು ಒಪ್ಪಿಕೊಂಡ ಮೇಲೆ, ಆ ಕೃತಿಯ ಪಾಠವು ಎಲ್ಲಿದೆ ಎಂಬ ಪ್ರಶ್ನೆ ತಾನಾಗಿಯೇ ಏಳುವುದು. ಕಾವ್ಯದ ವಿಷಯದಲ್ಲಿ ಇದಕ್ಕೆ ಉತ್ತರ ಹುಡುಕುವ ಕ್ರಮ ನಮ್ಮ ವಿದ್ವಾಂಸರಿಗೆ ಚೆನ್ನಾಗಿ ತಿಳಿದಿದೆ. ಓಲೆಯ ಪ್ರತಿಗಳನ್ನು ಕೂಡಿಸುತ್ತೇವೆ, ಒಂದನ್ನೊಂದಕ್ಕೆ ಹೋಲಿಸುತ್ತೇವೆ, ಲಿಪಿಕಾರನ ಕೈತಪ್ಪನ್ನು ಕವಿಯ ಮಾತಿನಿಂದ ಬೇರ್ಪಡಿಸುತ್ತೇವೆ, ಉಳಿದುದನ್ನು ಪಾಠವೆಂದು ಮುದ್ರಿಸಿ, ಬಿಟ್ಟುದನ್ನು ಪುಟದ ಅಡಿಯಲ್ಲಿ ಪಾಠಾಂತರವೆಂದು ಕೊಡುತ್ತೇವೆ. ಆಟದ ವಿಷಯದಲ್ಲಿ ಈ ಕ್ರಮವು ಅಷ್ಟಕ್ಕೇ ಮುಗಿಯುವುದಿಲ್ಲ. ಓಲೆಯ ಮೇಲಿನ ಅಕ್ಷರವು ಓದುಗನ ಕಣ್ಣಿಗೆ ನೇರವಾಗಿ ಬೀಳುವುದು. ಆಟದ ಕಡತವು ಹಾಗಲ್ಲ. ಅದು ನಡೆಯಬೇಕಾದರೆ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯು, ಎಂದರೆ ಜನರು ಆಪರೇಟಿಂಗ್ ಸಿಸ್ಟಮ್ ಎಂದು ಕರೆಯುವ ತಳಹದಿಯ ತಂತ್ರಾಂಶವು, ಹೆಜ್ಜೆಹೆಜ್ಜೆಗೂ ಅದಕ್ಕೆ ನೆರವಾಗುತ್ತಿರಬೇಕು. ಈ ಕಡತವನ್ನು ತೆರೆ, ಈ ತ್ರಿಕೋನವನ್ನು ಬರೆ, ಈ ಧ್ವನಿಯನ್ನು ನುಡಿಸು ಎಂದು ಆಟವು ಕೇಳುತ್ತ ಹೋಗುವುದು. ವ್ಯವಸ್ಥೆಯು ಸಲ್ಲಿಸುತ್ತ ಹೋಗುವುದು. ಆಟಗಾರನ ಮುಂದೆ ಮೂಡುವ ಕೃತಿಯು ಈ ಕೇಳಿಕೆ ಸಲ್ಲಿಕೆಗಳ ನಡುವೆ ಹುಟ್ಟುತ್ತದೆ.

ಕಂಪ್ಯೂಟರಿನ ಆಟಗಳಲ್ಲಿ ಹೆಚ್ಚಿನವು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವ್ಯವಸ್ಥೆಗೆಂದು ರಚಿತವಾದುವು. ಅದರ ಮೂಲಸಂಕೇತವು ಸಂಸ್ಥೆಯ ಗುಟ್ಟಿನ ಸ್ವತ್ತು. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಇದಕ್ಕೆ ವಿರುದ್ಧವಾದ ನಿಲುವಿನದು: ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಒಂದರ ಭಾಷೆಯಲ್ಲಿ ಕೇಳುವ ಆಟಕ್ಕೆ ಮತ್ತೊಂದು ಉತ್ತರ ಕೊಡುವಂತಾದಾಗ ಕೃತಿಗೆ ಏನಾಗುವುದು? ಮೂಲ ಉಳಿಯುವುದೇ, ಪಾಠಾಂತರವಾಗುವುದೇ, ಇಲ್ಲವೆ ಕೆಡುವುದೇ? ಈ ಲೇಖನದಲ್ಲಿ ಇದನ್ನು ವಿಚಾರ ಮಾಡಬೇಕೆಂದು ಉದ್ದೇಶಿಸಿದೆ. ವಿಚಾರವು ಗಾಳಿಯಲ್ಲಿ ತೇಲದಂತೆ ಒಂದು ಕೃತಿಯನ್ನೂ ಒಂದು ಯಂತ್ರವನ್ನೂ ಮುಂದಿಟ್ಟುಕೊಳ್ಳುತ್ತೇವೆ. ಕೃತಿಯು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯವರು ಹಿದೆಟಾಕಾ ಮಿಯಾಝಾಕಿಯವರ ನಿರ್ದೇಶನದಲ್ಲಿ ರಚಿಸಿದ ಎಲ್ಡನ್ ರಿಂಗ್; ಯಂತ್ರವು ಅಮೆರಿಕದ ವಾಲ್ವ್ ಸಂಸ್ಥೆಯವರ ಸ್ಟೀಮ್ ಡೆಕ್ ಎಂಬ, ಎರಡು ಕೈಗಳಲ್ಲಿ ಹಿಡಿದಾಡುವ ಕಂಪ್ಯೂಟರ್. ಮೊದಲನೆಯದು ೨೦೨೨ರ ಫೆಬ್ರವರಿ ೨೫ರಂದು ಹೊರಬಂದಿತು. ಎರಡನೆಯದು ಅದೇ ತಿಂಗಳ ೨೮ರಿಂದ ಕೊಂಡವರಿಗೆ ರವಾನೆಯಾಗತೊಡಗಿತು.

೨

ಮುಕ್ತ ವ್ಯವಸ್ಥೆಯಲ್ಲಿ ಆಟವನ್ನು ಆಡಿಸಲು ಹಿಂದಿನಿಂದ ಎರಡು ಮಾರ್ಗಗಳಿವೆ. ಒಂದು, ಕೃತಿಯನ್ನೇ ಹೊಸ ವ್ಯವಸ್ಥೆಯ ಭಾಷೆಗೆ ತಿರುಗಿಸಿ ಬರೆಯುವುದು. ಇನ್ನೊಂದು, ಕೃತಿಯನ್ನು ಮುಟ್ಟದೆ, ಅದು ಕೇಳಿದಾಗಲೆಲ್ಲ ಪಕ್ಕದಲ್ಲಿ ನಿಂತು ದುಭಾಷಿಯ ಕೆಲಸ ಮಾಡುವುದು.

ಮೊದಲನೆಯ ಮಾರ್ಗದಲ್ಲಿ ಎದ್ದು ಕಾಣುವ ಹೆಸರು ಲೋಕಿ ಎಂಬ ಸಂಸ್ಥೆಯದು. ೧೯೯೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಪ್ರಸಿದ್ಧವಾದ ಆಟಗಳ ಮೂಲಸಂಕೇತವನ್ನು ಒಡೆಯರಿಂದ ಪಡೆದು, ಲಿನಕ್ಸಿಗೆ ತಿರುಗಿಸಿ ಮಾರುತ್ತಿತ್ತು. ೧೯೯೯ರಲ್ಲಿ ಬಂದ ಸಿವಿಲೈಸೇಷನ್: ಕಾಲ್ ಟು ಪವರ್ ಅದರ ಆರಂಭದ ಕೃತಿಗಳಲ್ಲೊಂದು. ಆದರೆ ಕೊಳ್ಳುವವರು ಕೆಲವರು, ಒಂದೊಂದು ಕೃತಿಗೂ ಪಡಬೇಕಾದ ಶ್ರಮ ಬೆಟ್ಟದಷ್ಟು. ೨೦೦೨ರ ಜನವರಿಯಲ್ಲಿ ಸಂಸ್ಥೆಯು ಮುಚ್ಚಿಹೋಯಿತು. ಅಲ್ಲಿ ದುಡಿಯುತ್ತಿದ್ದ ಸ್ಯಾಮ್ ಲ್ಯಾಂಟಿಂಗಾ ಅವರು ಕಟ್ಟಿದ ಎಸ್‌ಡಿಎಲ್ ಎಂಬ ತಂತ್ರಾಂಶದ ಸಾಧನವು ಮಾತ್ರ ಸಂಸ್ಥೆಯನ್ನು ಮೀರಿ ಬದುಕಿ, ಇಂದಿಗೂ ಬಳಕೆಯಲ್ಲಿದೆ.

ಈ ಮಾರ್ಗದ ದೋಷವು ಹಣದ್ದು ಮಾತ್ರವಲ್ಲ. ತಿರುಗಿಸಿದವನು ಕೈಬಿಟ್ಟ ಮೇಲೆ ಆ ಅನುವಾದವನ್ನು ನೋಡಿಕೊಳ್ಳುವವರು ಇರುವುದಿಲ್ಲ. ಲಿನಕ್ಸಿನ ಸುತ್ತಣ ಸಾಧನಗಳು ವರ್ಷವರ್ಷಕ್ಕೂ ಬದಲಾಗುತ್ತವೆ. ಹಳೆಯ ಅನುವಾದವು ಬದಲಾಗದೆ ನಿಲ್ಲುತ್ತದೆ. ಕೊನೆಗೊಂದು ದಿನ ಅದು ಏಳುವುದೇ ಇಲ್ಲ. ಇದರಿಂದ ವಿಚಿತ್ರವಾದೊಂದು ಸ್ಥಿತಿ ಒದಗಿದೆ: ಕೆಲವು ಹಳೆಯ ಆಟಗಳಲ್ಲಿ ಲಿನಕ್ಸಿಗೆಂದೇ ಬರೆದ ಪ್ರತಿಗಿಂತ, ವಿಂಡೋಸಿನ ಪ್ರತಿಯನ್ನು ದುಭಾಷಿಯ ಮೂಲಕ ನಡೆಸಿದರೆ ಅದೇ ಲಿನಕ್ಸಿನಲ್ಲಿ ಚೆನ್ನಾಗಿ ಆಡುತ್ತದೆ. ತನ್ನ ಮನೆಯವನಿಗಿಂತ ಹೊರಗಿನವನು ನಂಬುಗೆಯವನಾದಂತೆ ಇದೆ.

೩

ದುಭಾಷಿಯ ಮಾರ್ಗಕ್ಕೆ ಮೂಲವಾದುದು ವೈನ್ ಎಂಬ ಯೋಜನೆ. ಇದು ೧೯೯೩ರಲ್ಲಿ ಆರಂಭವಾಯಿತು. ಮಾರನೆಯ ವರ್ಷದಿಂದ ಅಲೆಕ್ಸಾಂಡ್ರ್ ಜುಲಿಯಾರ್ ಅವರ ಮುಖಂಡತ್ವದಲ್ಲಿ ನಡೆದು ಬಂದಿದೆ. ಇದರ ಒಂದನೆಯ ಆವೃತ್ತಿಯೆಂದು ಧೈರ್ಯವಾಗಿ ಹೇಳಿಕೊಳ್ಳಲು ೨೦೦೮ರ ಜೂನ್ ಬರಬೇಕಾಯಿತು, ಎಂದರೆ ಹದಿನೈದು ವರ್ಷ ಹಿಡಿಯಿತು. ಕಾಲವು ಇಷ್ಟು ಹಿಡಿದುದೇಕೆಂಬುದನ್ನು ಅದರ ಕೆಲಸವೇ ವಿಶದಪಡಿಸುವುದು. ಆಟವು ವಿಂಡೋಸಿನ ಯಾವ ಸೇವೆಯನ್ನು ಯಾವ ಹೆಸರಿನಿಂದ ಕರೆಯುವುದೋ, ಅದೇ ಹೆಸರಿನ, ಅದೇ ನಡವಳಿಕೆಯ ಸೇವೆಯನ್ನು ವೈನ್ ತಾನು ಲಿನಕ್ಸಿನ ಮೇಲೆ ನಿಂತು ಒದಗಿಸಬೇಕು. ಅದು ಇಡೀ ಯಂತ್ರವನ್ನು ನಟಿಸಿ ತೋರಿಸುವುದಿಲ್ಲ; ಆಟದ ಆಜ್ಞೆಗಳು ಪ್ರೊಸೆಸರಿನಲ್ಲಿ ನೇರವಾಗಿಯೇ ನಡೆಯುತ್ತವೆ; ವ್ಯವಸ್ಥೆಯನ್ನು ಕೂಗಿ ಕರೆದಾಗ ಮಾತ್ರ ವೈನ್ ಓಗೊಡುತ್ತದೆ. ಮೂಲ ವ್ಯವಸ್ಥೆಯಲ್ಲಿ ಒಂದು ದೋಷವಿದ್ದು, ಆಟವು ಆ ದೋಷವನ್ನೇ ನಂಬಿ ನಡೆಯುತ್ತಿದ್ದರೆ, ದುಭಾಷಿಯು ಆ ದೋಷವನ್ನೂ ಹಾಗೆಯೇ ಅನುಕರಿಸಬೇಕು.

ಈ ಯೋಜನೆಯಲ್ಲಿ ಪಾಲಿಸಿಕೊಂಡು ಬಂದ ಒಂದು ನಿಯಮವು ನಮ್ಮಂಥವರ ಗಮನಕ್ಕೆ ಯೋಗ್ಯವಾದುದು. ವಿಂಡೋಸಿನ ಗುಟ್ಟಿನ ಮೂಲಸಂಕೇತವನ್ನು ಕಂಡವರು ವೈನಿಗೆ ಬರೆಯಕೂಡದು. ಮೂಲಗ್ರಂಥವನ್ನು ಎಂದೂ ತೆರೆದು ನೋಡದೆ, ಅದು ಯಾವ ಪ್ರಶ್ನೆಗೆ ಯಾವ ಉತ್ತರ ಕೊಡುವುದೆಂಬುದನ್ನು ಹೊರಗಿನಿಂದ ಪರೀಕ್ಷಿಸಿ, ಅದಕ್ಕೆ ಸರಿಸಮನಾದ ಮತ್ತೊಂದನ್ನು ಕಟ್ಟಬೇಕು. ಪಾಠಪರಿಷ್ಕರಣದಲ್ಲಿ ತೊಡಗಿದವರಿಗೆ ಈ ಕಷ್ಟದ ಅಳತೆ ಸ್ವಲ್ಪಮಟ್ಟಿಗೆ ತಿಳಿದೀತು. ನಮಗೆ ಮೂಲಪ್ರತಿ ದೊರೆಯದಿರುವುದು ಕಾಲದ ದೋಷದಿಂದ. ಅವರಿಗೆ ಅದು ಬೇಲಿಯ ಆಚೆಗೆ ಇದ್ದೂ ಮುಟ್ಟಬಾರದ ವಸ್ತು.

ಆಟಗಳಿಗೆ ವೈನ್ ಒಂದೇ ಸಾಲದು. ಅವುಗಳ ಪ್ರಾಣವಿರುವುದು ಚಿತ್ರಣದಲ್ಲಿ. ವಿಂಡೋಸಿನ ಆಟಗಳು ಚಿತ್ರಗಳನ್ನು ಡೈರೆಕ್ಟ್‌ತ್ರೀಡಿ ಎಂಬ ಭಾಷೆಯಲ್ಲಿ ಕೇಳುತ್ತವೆ. ಲಿನಕ್ಸಿಗೆ ಆ ಭಾಷೆ ಬಾರದು. ೨೦೧೬ರಲ್ಲಿ ವಲ್ಕನ್ ಎಂಬ ಸಾರ್ವತ್ರಿಕ ಚಿತ್ರಣಭಾಷೆಯೊಂದು ಬಂದಿತು. ನಿಯರ್: ಆಟೊಮಾಟಾ ಎಂಬ ಜಪಾನೀ ಆಟವನ್ನು ಲಿನಕ್ಸಿನಲ್ಲಿ ಆಡಬೇಕೆಂಬ ಬಯಕೆಯಿಂದ ಫಿಲಿಪ್ ರೆಬೋಲೆ ಎಂಬವರು ಮೊದಲನೆಯದನ್ನು ಎರಡನೆಯದಕ್ಕೆ ತಿರುಗಿಸುವ ಡಿಎಕ್ಸ್‌ವಿಕೆ ಎಂಬ ಸಾಧನವನ್ನು ಕಟ್ಟಿದರು. ಒಂದು ಕೃತಿಯ ಮೇಲಿನ ಪ್ರೀತಿಯಿಂದ ಹೊರಟ ಕೆಲಸವು ಸಾವಿರಾರು ಕೃತಿಗಳಿಗೆ ದಾರಿಯಾಯಿತು.

ಇವೆರಡನ್ನೂ ಕೂಡಿಸಿ, ಕೋಡ್‌ವೀವರ್ಸ್ ಸಂಸ್ಥೆಯವರ ಸಹಕಾರದಿಂದ ವಾಲ್ವಿನವರು ೨೦೧೮ರ ಆಗಸ್ಟ್ ೨೧ರಂದು ಪ್ರಕಟಿಸಿದುದೇ ಪ್ರೋಟಾನ್. ವಾಲ್ವ್ ವ್ಯಾಪಾರದ ಸಂಸ್ಥೆ. ಆಟಗಳನ್ನು ಮಾರುವ ಸ್ಟೀಮ್ ಎಂಬ ದೊಡ್ಡ ಮಳಿಗೆಯ ಒಡೆಯರು. ವಿಂಡೋಸಿನ ಒಡೆಯರೇ ಮಳಿಗೆ ತೆರೆದರೆ ತಮ್ಮ ಗತಿಯೇನೆಂಬ ಯೋಚನೆ ಅವರಿಗೆ ೨೦೧೨ರಲ್ಲಿಯೇ ಹುಟ್ಟಿತ್ತು. ೨೦೧೩ರಲ್ಲಿ ಮಳಿಗೆಯನ್ನು ಲಿನಕ್ಸಿಗೆ ತಂದರು. ೨೦೧೫ರಲ್ಲಿ ಸ್ಟೀಮ್ ಮಷೀನ್ ಎಂಬ ಲಿನಕ್ಸ್ ಕಂಪ್ಯೂಟರುಗಳನ್ನು ಹೊರಡಿಸಿದರು. ಆಡಲು ಸಾಕಷ್ಟು ಆಟಗಳಿಲ್ಲದೆ ಅವು ನೆಲಕಚ್ಚಿದುವು. ಎಲ್ಲ ಕೃತಿಕಾರರೂ ತಮಗಾಗಿ ಮತ್ತೊಮ್ಮೆ ಬರೆಯುವರೆಂದು ಕಾಯುವುದು ವ್ಯರ್ಥವೆಂಬುದು ಆಗ ಖಚಿತವಾಯಿತು. ಪ್ರೋಟಾನ್ ಆ ಪಾಠದ ಫಲ. ಮೊದಲ ದಿನ ಅದರ ಅಂಗೀಕೃತ ಪಟ್ಟಿಯಲ್ಲಿದ್ದ ಆಟಗಳು ೨೭ ಮಾತ್ರ. ಸ್ವಾರ್ಥದಿಂದ ಹುಟ್ಟಿದರೂ ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆಂಬುದನ್ನು ಇಲ್ಲಿ ಹೇಳದೆ ಬಿಡಲಾಗದು.

೪

ಇನ್ನು ಎಲ್ಡನ್ ರಿಂಗಿಗೆ ಬರೋಣ. ಈ ಕೃತಿಗೆ ಲಿನಕ್ಸಿನ ಪ್ರತಿಯಿಲ್ಲ. ಸ್ಟೀಮ್ ಡೆಕ್ಕಿನಲ್ಲಿ ಅದು ಪ್ರೋಟಾನಿನ ಮೂಲಕವೇ ನಡೆಯುತ್ತದೆ. ಬಿಡುಗಡೆಯಾದಾಗ ವಿಂಡೋಸಿನಲ್ಲಿ ಆಡಿದವರು ಒಂದು ದೋಷವನ್ನು ಕಂಡರು: ಅಲ್ಲಲ್ಲಿ ಚಿತ್ರವು ಕ್ಷಣಕಾಲ ತಡೆದು, ತೊದಲಿ ಮುಂದೆ ಸಾಗುತ್ತಿತ್ತು. ಆಟವು ಕೆಲವು ತಾಣಗಳಲ್ಲಿ ಸಾವಿರಾರು ಸಣ್ಣ ಸಂಪನ್ಮೂಲಗಳನ್ನು ಒಮ್ಮೆಗೇ ಕೇಳುವುದರಿಂದ ಸ್ಮೃತಿಯನ್ನು ಹಂಚುವ ಭಾಗಕ್ಕೆ ಕೆಲಸವು ಮಿತಿಮೀರುತ್ತಿತ್ತೆಂದು ವಾಲ್ವಿನ ಎಂಜಿನಿಯರರು ಕಂಡುಕೊಂಡರು. ಅವರು ತಮ್ಮ ದುಭಾಷಿಯಲ್ಲಿ, ಹೀಗೆ ಕೇಳಿದುದನ್ನು ಬಿಟ್ಟುಕೊಡದೆ ಕೂಡಿಟ್ಟುಕೊಳ್ಳುವ ಏರ್ಪಾಡು ಮಾಡಿದರು. ಅಲ್ಲದೆ, ಶೇಡರುಗಳೆಂಬ ಚಿತ್ರಣದ ಸಣ್ಣ ಕಾರ್ಯಕ್ರಮಗಳನ್ನು ಆಡುವ ಹೊತ್ತಿಗೆ ಸಿದ್ಧಪಡಿಸದೆ ಮೊದಲೇ ಸಿದ್ಧಮಾಡಿ ಕಳುಹಿಸಲು ಅವರಿಗೆ ಸಾಧ್ಯವಿತ್ತು. ಹೀಗಾಗಿ ಆ ದಿನಗಳಲ್ಲಿ, ಈ ಒಂದು ಅಂಶದಲ್ಲಿ, ಎಷ್ಟೋ ಹೆಚ್ಚು ಬೆಲೆಯ ವಿಂಡೋಸ್ ಯಂತ್ರಗಳಿಗಿಂತ ಈ ಕೈಯಂತ್ರದಲ್ಲಿ ಆಟವು ನಯವಾಗಿ ಸಾಗಿತು.

ಇದನ್ನು ಅನುವಾದವು ಮೂಲವನ್ನು ಮೀರಿಸಿತೆಂದು ಹೊಗಳುವುದು ಸುಲಭ. ಆದರೆ ವಿಮರ್ಶಕನು ಇನ್ನೊಂದು ಹೆಜ್ಜೆ ಮುಂದಿಡಬೇಕು. ಆ ತೊದಲು ಕೃತಿಕಾರನ ಮಾತೇ, ಲಿಪಿಕಾರನ ತಪ್ಪೇ? ಯಾವ ಕಲಾವಿದನೂ ಅದನ್ನು ಬೇಕೆಂದು ಇಟ್ಟಿರಲಾರನು. ಆದುದರಿಂದ ಅದನ್ನು ಕೈತಪ್ಪೆಂದು ಎಣಿಸಿ ತಿದ್ದುವುದು ಸಾಧುವಾದ ಪರಿಷ್ಕರಣ. ಇಲ್ಲಿ ಪ್ರೋಟಾನ್ ಅನುವಾದಕನ ಸ್ಥಾನದಿಂದ ಸಂಪಾದಕನ ಸ್ಥಾನಕ್ಕೆ ಏರಿತೆನ್ನಬೇಕು. ಕೃತಿಯ ಒಂದು ಅಕ್ಷರವನ್ನೂ ಮುಟ್ಟದೆ, ಅದು ಓದಲ್ಪಡುವ ರೀತಿಯನ್ನು ಮಾತ್ರ ಶುದ್ಧಮಾಡಿತು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಬೇರೊಂದಿದೆ. ಎಲ್ಡನ್ ರಿಂಗಿನಲ್ಲಿ ಆಟವನ್ನು ತಡೆದು ನಿಲ್ಲಿಸುವ ಸಾಮಾನ್ಯ ಗುಂಡಿಯನ್ನು ಕೊಟ್ಟಿಲ್ಲ. ಆಟಗಾರನು ತನ್ನ ಸಾಮಗ್ರಿಗಳ ಪಟ್ಟಿಯನ್ನು ತೆರೆದು ನೋಡುತ್ತಿರುವಾಗಲೂ ಶತ್ರುವು ಏರಿ ಬರುತ್ತಲೇ ಇರುವನು. ಸತ್ತರೆ, ಕೂಡಿಸಿದ ರೂನುಗಳು ಬಿದ್ದ ಜಾಗದಲ್ಲಿಯೇ ಉಳಿದು, ಅಲ್ಲಿಗೆ ಮರಳಿ ಹೋಗುವ ಮೊದಲೇ ಮತ್ತೊಮ್ಮೆ ಸತ್ತರೆ ನಷ್ಟವಾಗುತ್ತವೆ. ಈ ಕೃತಿಯಲ್ಲಿ ಭಯಾನಕವು ರಸವಾಗಿ ನಿಲ್ಲುವುದು ಕಾಲದ ಈ ನಿರ್ದಾಕ್ಷಿಣ್ಯದಿಂದ. ಸ್ಟೀಮ್ ಡೆಕ್ಕಿನಲ್ಲಾದರೋ ಮೇಲ್ಬದಿಯ ಗುಂಡಿಯನ್ನೊತ್ತಿದರೆ ಇಡೀ ಯಂತ್ರವೇ ಇದ್ದ ಸ್ಥಿತಿಯಲ್ಲಿ ಮಲಗುವುದು. ಮತ್ತೆ ಒತ್ತಿದರೆ ಅಲ್ಲಿಂದಲೇ ಏಳುವುದು. ಜಾಲದ ಸಂಪರ್ಕವಿಲ್ಲದೆ ಒಬ್ಬನೇ ಆಡುತ್ತಿರುವವನು ಎತ್ತಿದ ಕತ್ತಿಯ ಕೆಳಗೆ ಯಂತ್ರವನ್ನು ಮಲಗಿಸಿ, ಊಟ ಮಾಡಿ ಬಂದು, ಅದೇ ಕತ್ತಿಯಿಂದ ತಪ್ಪಿಸಿಕೊಳ್ಳಬಹುದು. ಕೃತಿಕಾರನು ಬೇಕೆಂದೇ ಕೊಡದೆ ಉಳಿಸಿದ ವಿರಾಮವನ್ನು ಯಂತ್ರವು ಕೊಟ್ಟಂತಾಯಿತು. ತೊದಲನ್ನು ತಿದ್ದಿದುದು ಪರಿಷ್ಕರಣವಾದರೆ ಇದು ನಿಜವಾದ ಪಾಠಾಂತರ. ಇದರಿಂದ ಕೃತಿಯು ಕೆಟ್ಟಿತೆಂದು ನಾವು ಹೇಳುವುದಿಲ್ಲ. ಬಿಡುವಿಲ್ಲದ ಜೀವನದವರಿಗೆ ಈ ಕೃತಿಯ ಬಾಗಿಲು ತೆರೆದುದು ಇದರಿಂದಲೇ ಇರಬಹುದು. ಆದರೆ ಇಲ್ಲಿ ಆಡಿದವನು ಕಂಡ ಎಲ್ಡನ್ ರಿಂಗ್ ಬೇರೆ, ಮೇಜಿನ ಮುಂದೆ ಆಡಿದವನು ಕಂಡದ್ದು ಬೇರೆ.

೫

ಕೈಯಂತ್ರವು ತರುವ ಮತ್ತೊಂದು ಪಾಠಾಂತರವು ಅಕ್ಷರಕ್ಕೆ ಸಂಬಂಧಿಸಿದ್ದು. ಸ್ಟೀಮ್ ಡೆಕ್ಕಿನ ತೂಕ ೬೬೯ ಗ್ರಾಂ. ಪರದೆ ಏಳು ಅಂಗುಲ. ಅದರ ಮೇಲಿನ ಬಿಂದುಗಳು ಅಡ್ಡಕ್ಕೆ ೧೨೮೦, ಉದ್ದಕ್ಕೆ ೮೦೦. ೨೦೨೩ರ ನವೆಂಬರಿನಲ್ಲಿ ಬಂದ ಓಎಲ್‌ಇಡಿ ಮಾದರಿಯಲ್ಲಿ ಪರದೆ ೭.೪ ಅಂಗುಲಕ್ಕೆ ಬೆಳೆದು, ತೂಕ ೬೪೦ ಗ್ರಾಮಿಗೆ ಇಳಿದಿದೆ. ಯಾವ ಆಟವು ಈ ಯಂತ್ರಕ್ಕೆ ಸರಿಯಾಗಿ ಒದಗುವುದೆಂದು ವಾಲ್ವಿನವರು ಪರೀಕ್ಷೆಮಾಡಿ ಮುದ್ರೆಯೊತ್ತುತ್ತಾರೆ. ಅವರ ನಿಯಮಗಳಲ್ಲೊಂದು, ಪರದೆಯ ಮೇಲಿನ ಅತಿ ಚಿಕ್ಕ ಅಕ್ಷರದ ಎತ್ತರವೂ ೯ ಪಿಕ್ಸೆಲಿಗೆ ಕಡಿಮೆಯಾಗಕೂಡದೆಂದು ವಿಧಿಸುತ್ತದೆ. ಇದು ಕೇವಲ ಅಕ್ಷರಜೋಡಣೆಯ ವಿಷಯವೆಂದು ಕೆಲವರಿಗೆ ತೋರಬಹುದು. ಎಲ್ಡನ್ ರಿಂಗಿನ ಕಥೆಯಾದರೋ ಪಾತ್ರಗಳ ಸಂಭಾಷಣೆಯಲ್ಲಿ ಕಾಣುವುದು ಅಲ್ಪ. ಕತ್ತಿ, ಉಂಗುರ, ಅಂಗಿಗಳಿಗೆ ಬರೆದ ಎರಡು ಮೂರು ವಾಕ್ಯಗಳ ವಿವರಣೆಗಳಲ್ಲಿ ಅದು ಚದರಿ ಕುಳಿತಿದೆ. ಒಂದು ರಾಜವಂಶದ ಪತನವನ್ನು ತಿಳಿಯಲು ಶಾಸನಗಳನ್ನು ಓದುವವನಂತೆ ಆಟಗಾರನು ಆ ತುಣುಕುಗಳನ್ನು ಕೂಡಿಸಬೇಕು. ಅಂಥ ಕೃತಿಯಲ್ಲಿ ಅಕ್ಷರವು ಕಣ್ಣಿಗೆ ನಿಲುಕದಿದ್ದರೆ ಯುದ್ಧವು ಉಳಿದು ಇತಿಹಾಸವು ಹೋಗುವುದು. ಆದಕಾರಣ ಒಂಬತ್ತು ಪಿಕ್ಸೆಲಿನ ನಿಯಮವನ್ನು ನಾವು ಪಾಠರಕ್ಷಣೆಯ ನಿಯಮವೆಂದೇ ಭಾವಿಸುತ್ತೇವೆ.

೬

ಇಷ್ಟು ಹೇಳಿದ ಮೇಲೆ ಆಕ್ಷೇಪಣೆಗಳನ್ನು ಎತ್ತಿಕೊಳ್ಳಬೇಕು. ದುಭಾಷಿಯು ಚೆನ್ನಾಗಿ ಕೆಲಸಮಾಡಿದಷ್ಟೂ ಮುಕ್ತ ವ್ಯವಸ್ಥೆಗೆಂದು ಸ್ವತಂತ್ರವಾಗಿ ಬರೆಯುವವರು ಕಡಿಮೆಯಾಗುವರೆಂಬುದು ಮೊದಲನೆಯದು. ಇದು ನಿರಾಧಾರವಲ್ಲ. ರಾಕೆಟ್ ಲೀಗ್ ಎಂಬ ಜನಪ್ರಿಯವಾದ ಆಟವು ೨೦೨೦ರ ಮಾರ್ಚಿಯಲ್ಲಿ ತನ್ನ ಲಿನಕ್ಸ್ ಪ್ರತಿಯ ಪೋಷಣೆಯನ್ನು ನಿಲ್ಲಿಸಿತು; ಲಿನಕ್ಸಿನವರು ಅದನ್ನು ಮತ್ತೆ ಆಡಿದ್ದು ವಿಂಡೋಸ್ ಪ್ರತಿಯಿಂದ, ಪ್ರೋಟಾನಿನ ಮೂಲಕ. ಅನುವಾದವೇ ಸಾಕೆಂದಾಗ ಸ್ವತಂತ್ರ ಕೃತಿಯ ಒರತೆ ಬತ್ತುವುದೆಂಬ ಭಯವು ಯಾವ ಸಾಹಿತ್ಯದವರಿಗೂ ಹೊಸದಲ್ಲ. ಆದರೆ ಲೋಕಿಯ ಚರಿತ್ರೆಯು ನೆನಪಿನಲ್ಲಿರುವವರು ಇನ್ನೊಂದನ್ನೂ ಎಣಿಸಬೇಕು: ಓದುಗರಿಲ್ಲದೆ ಬರೆಹವಿಲ್ಲ. ಸ್ಟೀಮ್ ಮಳಿಗೆಯ ತಿಂಗಳ ಸಮೀಕ್ಷೆಯಲ್ಲಿ ಬಹುಕಾಲ ನೂರಕ್ಕೆ ಒಂದರ ಆಸುಪಾಸಿನಲ್ಲಿದ್ದ ಲಿನಕ್ಸಿನ ಪಾಲು ೨೦೨೫ರ ಅಕ್ಟೋಬರಿನಲ್ಲಿ ಮೂರನ್ನು ದಾಟಿತು. ಈ ಓದುಗರನ್ನು ಕೂಡಿಸಿಕೊಟ್ಟುದು ಅನುವಾದವೇ.

ಎರಡನೆಯದು ಇದಕ್ಕಿಂತ ಬಲವಾದುದು. ಹಲವರು ಕೂಡಿ ಜಾಲದಲ್ಲಿ ಆಡುವ ಆಟಗಳಲ್ಲಿ ಮೋಸವನ್ನು ತಡೆಯಲು ಕಾವಲಿನ ತಂತ್ರಾಂಶಗಳಿರುತ್ತವೆ. ಅವುಗಳಲ್ಲಿ ಪ್ರಮುಖವಾದ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬೆರಡು ೨೦೨೧ರ ಸೆಪ್ಟೆಂಬರಿನಲ್ಲಿ ಪ್ರೋಟಾನಿಗೆ ಒಪ್ಪಿಗೆಯಿತ್ತುವು. ಆದರೆ ಆಟದ ಒಡೆಯನು ತಾನಾಗಿ ಅನುಮತಿ ಕೊಟ್ಟರೆ ಮಾತ್ರ. ಎಲ್ಡನ್ ರಿಂಗಿನ ಒಡೆಯರು ಕೊಟ್ಟರು. ಅಪೆಕ್ಸ್ ಲೆಜೆಂಡ್ಸ್ ಎಂಬ ಆಟದ ಒಡೆಯರು ಮೊದಲು ಕೊಟ್ಟು, ೨೦೨೪ರ ಅಕ್ಟೋಬರ್ ೩೧ರಂದು ಹಿಂತೆಗೆದುಕೊಂಡರು. ಲಿನಕ್ಸಿನ ಮುಕ್ತತೆಯೇ ಮೋಸಗಾರರಿಗೆ ಅನುಕೂಲವೆಂದು ಅವರು ಕಾರಣ ಹೇಳಿದರು. ಮೋಸವು ನಿಜವಾದ ಪೀಡೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಂದು ದುಭಾಷಿಯ ಕೌಶಲದಲ್ಲಿ ಯಾವ ಕುಂದೂ ಇರಲಿಲ್ಲ. ಹಿಂದಿನ ದಿನ ನಡೆದ ಆಟವು ಮರುದಿನ ನಡೆಯಲಿಲ್ಲ. ಕೊಂಡವರ ಹಣವೂ ಕಲಿತವರ ಕೈಚಳಕವೂ ಹೊರಗೆ ನಿಂತುವು. ಅನುವಾದವು ಭಾಷೆಯ ಬೇಲಿಯನ್ನು ದಾಟಿಸಬಲ್ಲುದು. ಒಡೆತನದ ಬೀಗವನ್ನು ತೆಗೆಯಲಾರದು.

೭

ಹೀಗಿರಲಾಗಿ ನಮ್ಮ ನಿರ್ಣಯವು ಇಂತಿದೆ. ಪ್ರೋಟಾನ್ ಈ ಕಾಲದ ಅನುವಾದಕಾರ್ಯಗಳಲ್ಲಿ ಗಣ್ಯವಾದುದು. ಮೂಲವನ್ನು ಕೆಡಿಸದೆ ನಡೆಸುವ ಅದರ ನಿಷ್ಠೆಯು ಶ್ಲಾಘ್ಯವಾದುದು. ಆದರೆ ಮುಕ್ತ ವ್ಯವಸ್ಥೆಯ ಮೇಲೆ ನಡೆದ ಮಾತ್ರಕ್ಕೆ ಕೃತಿಯು ಮುಕ್ತವಾಗುವುದಿಲ್ಲ. ನೂರಕ್ಕೆ ಎಷ್ಟು ಆಟಗಳು ನಡೆಯುತ್ತವೆಂಬ ಎಣಿಕೆಯಿಂದ ಈ ಸಾಧನೆಯನ್ನು ಅಳೆಯುವ ಪದ್ಧತಿಯು ಈ ಭೇದವನ್ನು ಮರೆಸುತ್ತದೆ.

ಕೃತಿಯು ನಿಜವಾಗಿ ಉಳಿಯುವ ಬಗೆಗೆ ಒಂದು ಹಳೆಯ ಮೇಲ್ಪಂಕ್ತಿಯಿದೆ. ಐಡಿ ಸಾಫ್ಟ್‌ವೇರ್ ಸಂಸ್ಥೆಯವರು ೧೯೯೩ರಲ್ಲಿ ಹೊರಡಿಸಿದ ಡೂಮ್ ಎಂಬ ಆಟದ ಮೂಲಸಂಕೇತವನ್ನು ೧೯೯೭ರ ಡಿಸೆಂಬರಿನಲ್ಲಿ ಲೋಕಕ್ಕೆ ಕೊಟ್ಟರು. ಡಾಸ್ ವ್ಯವಸ್ಥೆಯ ಪ್ರತಿಯಲ್ಲಿ ಧ್ವನಿಯ ಭಾಗವು ಬೇರೆಯವರ ಸ್ವತ್ತಾಗಿದ್ದುದರಿಂದ, ಅವರು ಕೊಟ್ಟುದು ಲಿನಕ್ಸಿನ ಪ್ರತಿ. ಚಿತ್ರ, ಧ್ವನಿ, ಭೂಮಿಕೆಗಳ ಹಕ್ಕನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ವ್ಯಾಪಾರಕ್ಕೆ ಅದರಿಂದ ಕೇಡಾಗಲಿಲ್ಲ. ಆ ಆಟವು ಇಂದು ಹೊಸದಾಗಿ ಹುಟ್ಟುವ ಯಂತ್ರಗಳಿಗೆಲ್ಲ ಹೋಗುತ್ತಿರುವುದು ಯಾರ ಅನುಮತಿಯಿಂದಲೂ ಅಲ್ಲ, ಪಾಠವು ಪ್ರಕಟವಾಗಿರುವುದರಿಂದ. ಮಾರಾಟದ ಕಾಲ ಮುಗಿದ ಆಟಗಳ ಒಡೆಯರು ಈ ಮೇಲ್ಪಂಕ್ತಿಯನ್ನು ಅನುಸರಿಸಬೇಕೆಂದು ವಿದ್ವತ್ಸಂಸ್ಥೆಗಳು ಕೇಳಬಹುದು, ಕೇಳಬೇಕು.

ಅಲ್ಲಿಯವರೆಗೆ ನಮ್ಮ ಕೈಲಿರುವ ಕರ್ತವ್ಯವೊಂದಿದೆ. ಯಾವ ಆಟವು ಪ್ರೋಟಾನಿನ ಯಾವ ಆವೃತ್ತಿಯಲ್ಲಿ, ಯಾವ ಯಂತ್ರದಲ್ಲಿ, ಎಷ್ಟುಮಟ್ಟಿಗೆ ನಡೆಯಿತೆಂಬುದನ್ನು ೨೦೧೮ರಿಂದ ಪ್ರೋಟಾನ್‌ಡಿಬಿ ಎಂಬ ದಾಖಲೆಯಲ್ಲಿ ಆಟಗಾರರೇ ಬರೆದಿಡುತ್ತ ಬಂದಿದ್ದಾರೆ. ಪ್ರತಿಗಳ ವಿವರ ಕೊಡದೆ ಕಾವ್ಯವನ್ನು ಸಂಪಾದಿಸಿದರೆ ನಾವು ಒಪ್ಪುವುದಿಲ್ಲ. ಆದರೆ ಆಟಗಳ ಮೇಲೆ ವಿಮರ್ಶೆ ಬರೆಯುವವರು ತಾವು ಆಡಿದ ಆವೃತ್ತಿ ಯಾವುದು, ವ್ಯವಸ್ಥೆ ಯಾವುದು, ಪರದೆ ಎಷ್ಟು ಅಗಲದ್ದೆಂದು ಹೇಳುವುದು ವಿರಳ. ಒಬ್ಬನು ಎಲ್ಡನ್ ರಿಂಗಿನ ಕಾಲವು ನಿರ್ದಯವಾದುದೆಂದು ಬರೆದು, ಮತ್ತೊಬ್ಬನು ಅದು ಬಿಡುವು ಕೊಡುವುದೆಂದು ಬರೆದರೆ, ಇಬ್ಬರೂ ತಮ್ಮ ತಮ್ಮ ಪಾಠಕ್ಕೆ ನಿಷ್ಠರೇ ಆಗಿರಬಹುದು. ಈ ವಿವರಗಳನ್ನು ಲೇಖನದ ಆರಂಭದಲ್ಲಿ ಒಂದು ಸಾಲಿನಲ್ಲಿ ಕೊಡುವ ವಾಡಿಕೆಯನ್ನು ಹಾಕಿಕೊಂಡರೆ, ಮುಂದಿನವರು ನಮ್ಮ ಮಾತುಗಳನ್ನು ಹೋಲಿಸಿ ನೋಡಲು ದಾರಿಯಾಗುವುದು. ಸಾಹಿತ್ಯವನ್ನು ಕಲಿಸುವವರು ಈ ಹೊಸ ಕೃತಿಗಳನ್ನು ತರಗತಿಗೆ ತರುವ ಕಾಲಕ್ಕೆ ಈ ಶಿಸ್ತು ಒದಗಿ ಬರಲೆಂದು ಇಷ್ಟನ್ನು ಬರೆದಿದೆ.